ಒಂದಾಳು ತೂಕದ ನೀರು

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಗುಳ್ಳೆ ಸರಿಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ಪ್ರತಿ ಅಳತೆಗೂ ಮೊದಲು ಗಡಿಯಾರ ನೋಡಿ ವೇಳೆ ಬರೆದಿಡುವುದು ನನ್ನ ಕೆಲಸವಾಗಿತ್ತು. ವೇಳೆ ಬರೆದು, ಕೋನ ಅಳೆಯುವ ದುರ್ಬೀನಾದ ಥಿಯೋಡೊಲೈಟಿಗೆ ಕಣ್ಣು ಹಚ್ಚುವ ಮುಂಚೆ ಅಭ್ಯಾಸಬಲದಿಂದ ಅದರ ಮಟ್ಟದ ಕೊಳವೆಯ ಕಡೆ ನೋಡಿದೆ. ಆ ಪುಟ್ಟ ಗಾಜಿನ ಕೊಳವೆಯಲ್ಲಿ ಎರಡು ಗೆರೆಗಳ ನಡುವೆ ನಿಂತಿರಬೇಕಾದ ಗಾಳಿಗುಳ್ಳೆ ಪೂರ್ವದ ಗೆರೆಯನ್ನು ದಾಟಿತ್ತು. ನನ್ನ ಮೊಣಕೈ ತಾಗಿರಬೇಕು ಅಂದುಕೊಂಡು ತಿರುಪು ತಿರುಗಿಸಿ ಅದನ್ನು ನಡುವಿಗೆ ತಂದೆ. ಅದು ಮತ್ತೆ ಹೊರಟಿತು. ಅವಸರವಿಲ್ಲದೆ, ಮನೆಗೆ ಹೋಗುವವರ ಹಾಗೆ.

ನಾನು ಕೂತಿದ್ದದ್ದು ನೆಲದ ಮೇಲಾಗಿದ್ದರೆ ಅದು ಉಪಕರಣದ ತಕರಾರು, ಅಷ್ಟೆ. ಆದರೆ ನಾನಿದ್ದದ್ದು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದ ದೊಡ್ಡದೊಂದು ಡಿಶ್ ಆಂಟೆನಾದ ಒಳಗೆ, ಅದರ ನಟ್ಟನಡುವೆ. ಮೂರಂತಸ್ತಿನ ಮನೆಯಷ್ಟು ಎತ್ತರದ ಕಂಬದ ತಲೆಯ ಮೇಲೆ, ಪೂರ್ವ ಪಶ್ಚಿಮಕ್ಕೆ ತೂಗುವಂತೆ ಕೂರಿಸಿದ ಬೋಗುಣಿ ಅದು. ಗುಳ್ಳೆ ಸರಿಯುತ್ತಿದೆ ಅಂದರೆ ಬೋಗುಣಿಯೇ ವಾಲುತ್ತಿದೆ. ಇಷ್ಟು ಅರ್ಥವಾಗುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು ಅಂತ ಆಗ ಅನ್ನಿಸಿತ್ತು. ನಿಜವಾಗಿ ಎರಡು ಉಸಿರಿನಷ್ಟು ಹೊತ್ತು ಇರಬಹುದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಅಳತೆ ಉಪಕರಣಗಳ ತರಬೇತಿ ಪಡೆದು, ದಿಬ್ಬೂರಹಳ್ಳಿಯ ಆಚೆ ಬಂಡೆಗಳ ನಡುವಿನ ಆ ಸಣ್ಣ ಕೇಂದ್ರಕ್ಕೆ ಕೆಲಸಕ್ಕೆ ಸೇರಿದ್ದೆ. ಶಿಡ್ಲಘಟ್ಟದಲ್ಲಿ ಬಾಡಿಗೆ ಮನೆ, ಜೊತೆಗೆ ಅಮ್ಮ. ಸುತ್ತಲಿನ ಹಳ್ಳಿಯವರು ಡಿಶ್ಶನ್ನು ದೊಡ್ಡ ಬುಟ್ಟಿಗೆ ಹೋಲಿಸಿ ಮಂಕರಿ ಅನ್ನುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಕೂಡ, "ಮಂಕರಿ ಹತ್ರ ಇಳಿಯೋರು ಬಾಗಿಲಿಗೆ ಬನ್ರಮ್ಮಾ" ಅನ್ನುತ್ತಿದ್ದ.

ಆ ಮಂಕರಿಯ ಒಳಮೈ ಸರಿಯಾಗಿರಲಿಲ್ಲ. ಆಕಾಶದಿಂದ ಬರುವ ರೇಡಿಯೋ ಅಲೆಗಳು ಅದರ ಮೈಗೆ ಬಡಿದು, ಮೇಲಿರುವ ಒಂದು ಬಿಂದುವಿಗೆ ಹೋಗಿ ಸೇರಬೇಕು. ಉದ್ದನೆಯ ಅಲೆಗಳಿಗೆ ಸಣ್ಣಪುಟ್ಟ ಉಬ್ಬುತಗ್ಗು ಲೆಕ್ಕಕ್ಕಿಲ್ಲ. ಗಿಡ್ಡ ಅಲೆಗಳು ಹಾಗಲ್ಲ, ಬೆರಳಿನ ಉಗುರಿನಷ್ಟು ತಗ್ಗು ಸಿಕ್ಕಿದರೂ ದಿಕ್ಕುತಪ್ಪುತ್ತವೆ. ಸೊಟ್ಟ ಕನ್ನಡಿಯಲ್ಲಿ ಮುಖ ಚೆದುರಿದ ಹಾಗೆ. ನಮ್ಮ ಡಿಶ್ ಕಟ್ಟಿದ್ದು ಉದ್ದನೆಯ ಅಲೆಗಳಿಗೆ. ಈಗ ಅದರಲ್ಲೇ ಗಿಡ್ಡ ಅಲೆ ಹಿಡಿಯಬೇಕು ಅಂತ ಮೇಲಿನವರು ತೀರ್ಮಾನಿಸಿದ್ದರು. ಹಾಗಾಗಿ ಒಂದೊಂದು ಅಲ್ಯೂಮಿನಿಯಂ ಫಲಕದ ಒಂದೊಂದು ಮೂಲೆಯನ್ನೂ ಅಳೆದು, ಅಲ್ಲಿನ ಬೋಲ್ಟನ್ನು ಕಾಲು ಸುತ್ತು, ಅರೆ ಸುತ್ತು ತಿರುಗಿಸಿ, ಮೈಯನ್ನು ತಿದ್ದುವುದು ನಮ್ಮ ಕೆಲಸ.

ನಾವು ಅಂದರೆ ಮೂವರು. ಚಿಂತಾಮಣಿ ಕಡೆಯ ಹಿರಿಯ ಎಂಜಿನಿಯರು ಕೆಳಗೆ, ಡಿಶ್ ತೂಗಾಡದಂತೆ ಹಿಡಿಯುವ ಬ್ರೇಕಿನ ಹತ್ತಿರ. ನಾನು ಮೇಲೆ ಥಿಯೋಡೊಲೈಟಿನ ಹಿಂದೆ. ಬೋಲ್ಟ್ ತಿರುಗಿಸುವವನು ನನಗಿಂತ ಎರಡು ಮೂರು ವರ್ಷ ಚಿಕ್ಕವನಾದ ಫಿಟ್ಟರ್. ಡಿಪ್ಲೊಮಾ ಓದಿದವನು, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಯವನು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು. ಫಲಕಗಳ ಮೇಲೆ ಹಾಸಿದ್ದ ಹಲಗೆಗಳ ಮೇಲೆ ಬರಿಗಾಲಲ್ಲಿ ನಡೆಯುತ್ತ, ಬೋಲ್ಟ್ ತಿರುಗಿಸುವ ಉದ್ದನೆಯ ಕೀಲಿಯೊಂದನ್ನು ಹೆಗಲ ಮೇಲಿಟ್ಟುಕೊಂಡು ಅಳೆಯಬೇಕಾದ ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗುವನು. ನಾನು "ಕಾಲು ಸುತ್ತು ಬಿಗಿ" ಅಂದರೆ "ಹೌ ಅಕ್ಕಾ" ಅನ್ನುವನು. "ಸ್ವಲ್ಪ ಜಾಸ್ತಿಯಾಯ್ತು" ಅಂದರೆ, "ನಿಮ್ಮ ಕಣ್ಣಿಗೆ ಎಲ್ಲಾ ಜಾಸ್ತೀನೇ" ಅನ್ನುವನು.

ಈ ಕೆಲಸ ಮಾಡಲು ಬೆಳಗಿನ ಜಾವದ ತಂಪೇ ಬೇಕು. ಬಿಸಿಲು ತಾಗಿದರೆ ಲೋಹ ಹಿಗ್ಗುತ್ತದೆ, ಅಳತೆ ಸುಳ್ಳಾಗುತ್ತದೆ. ಅದರಲ್ಲೂ ನಮಗೆ ಪೂರ್ವದ ಅಂಚಿನದೇ ತಾಪತ್ರಯ. ಅಲ್ಲಿಯ ಕೆಲವು ಫಲಕಗಳು ತೀರಾ ಸೊಟ್ಟಗಿದ್ದುದರಿಂದ ಬಿಚ್ಚಿ, ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಶೆಡ್ಡಿಗೆ ಹೊಸದಾಗಿ ಒತ್ತಿಸಲು ಕಳಿಸಿದ್ದೆವು. ಫಲಕ ಹೋದ ಜಾಗದಲ್ಲಿ ಬರೀ ಉಕ್ಕಿನ ಅಟ್ಟಣೆ. ಆ ಕಡೆ ಹಗುರವಾಗಬಾರದೆಂದು, ಹೋದ ತೂಕದಷ್ಟೇ ಮರಳು ತುಂಬಿದ ಗೋಣಿಚೀಲಗಳನ್ನು ಅಟ್ಟಣೆಗೆ ಕಟ್ಟಿದ್ದೆವು. ಸೂರ್ಯ ಹುಟ್ಟುತ್ತಲೇ ಅದರ ಬೆನ್ನಿಗೇ ಬಿಸಿಲು ಬೀಳುತ್ತಿತ್ತು.

ನಮ್ಮ ಕಡೆ ಹುಳು ಮನೆಯಲ್ಲಿ ಬೇಸಿಗೆ ಬಂದರೆ ಮಾಡುವುದೊಂದೇ. ಕಿಟಕಿಗೆ ಗೋಣಿತಾಟು ಇಳಿಬಿಟ್ಟು ನೀರು ಹೊಡೆಯುವುದು. ರೇಷ್ಮೆಹುಳುವಿಗೆ ತಂಪು ಕೊಡುವ ಆ ಉಪಾಯವನ್ನು ಉಕ್ಕಿಗೂ ಮಾಡಿ ನೋಡೋಣ ಅಂತ ಮೊದಲು ಯಾರು ಅಂದರೋ ನೆನಪಿಲ್ಲ. ಮೂವರೂ ಹುಳು ಮನೆಯ ವಾಸನೆಯಲ್ಲಿ ಬೆಳೆದವರೇ. ಮರಳಿನ ಚೀಲಗಳ ಮೇಲೆ ಗೋಣಿತಾಟು ಹೊದಿಸಿ, ದಿನಾ ಸಂಜೆ ಪೈಪಿನಲ್ಲಿ ನೀರು ಹರಿಸಿ, ಚೀಲ ತೊಟ್ಟಿಕ್ಕುವವರೆಗೂ ನೆನೆಸುತ್ತಿದ್ದೆವು. ಆ ತಂಪಿಗೆ ಬೆಳಿಗ್ಗೆ ಸುಮಾರು ಒಂದು ಗಂಟೆ ಹೆಚ್ಚು ಕೆಲಸ ಸಿಗುತ್ತಿತ್ತು. ಮಟ್ಟ ಸರಿಯಾಗಿದೆಯೇ, ಎರಡೂ ಕಡೆ ಸಮತೂಕವೇ ಅಂತ ನೋಡಿ ಹೊಂದಿಸಿದ್ದೂ ಹೀಗೆ ನೆನೆದ ಚೀಲಗಳ ಜೊತೆಗೇ.

ಹಬ್ಬಗಳಲ್ಲಿ ನೀರಿನ ಪಾಳಿ ತಪ್ಪುತ್ತಿರಲಿಲ್ಲ. ನಮ್ಮ ಹಬ್ಬಕ್ಕೆ ನಾವು ಊರಿಗೆ ಹೋದರೆ ಅವನು ನೀರು ಬಿಡುವನು. ಅವರ ಹಬ್ಬಕ್ಕೆ ನಾವು. ಹಾಗಂತ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಆ ವರ್ಷ ಯುಗಾದಿ, ರಂಜಾನ್ ಎರಡೂ ಬೆನ್ನುಬೆನ್ನಿಗೆ ಬಂದವು. ಜೊತೆಗೆ ವಾರದ ರಜೆಯೂ ಸೇರಿತು. ಗೇಟಿನಲ್ಲಿ ಕಾವಲುಗಾರನೊಬ್ಬನಿದ್ದ, ಮಂಕರಿ ಹತ್ತುವುದು ಅವನ ಕೆಲಸವಲ್ಲ. ನಾವು ಮೂವರೂ, ಇನ್ನೊಬ್ಬರು ಇದ್ದೇ ಇರುತ್ತಾರೆ ಅನ್ನುವ ಹಳೆಯ ನೆಮ್ಮದಿಯಲ್ಲಿ ಮನೆಗೆ ಹೋದೆವು. ಏಪ್ರಿಲ್ಲಿನ ಬಿಸಿಲು ಆ ಚೀಲಗಳ ಮೇಲೆ ದಿನಗಟ್ಟಲೆ ಕೂತಿತು.

ಹಬ್ಬ ಮುಗಿಸಿ ಬಂದ ಬೆಳಿಗ್ಗೆ ನನ್ನ ಡಬ್ಬಿಯಲ್ಲಿ ಒಬ್ಬಟ್ಟು, ಅವನ ಡಬ್ಬಿಯಲ್ಲಿ ಹಾಲು ಶಾವಿಗೆಯ ಸುರಕುಂಬ. ಎರಡನ್ನೂ ಕಂಬದ ಬುಡದಲ್ಲಿಟ್ಟೆವು. ಕೆಲಸವಿಲ್ಲದಾಗ ಡಿಶ್ ಅಲುಗಾಡದಂತೆ ತೋಳುಗಾತ್ರದ ಉಕ್ಕಿನ ಗೂಟವೊಂದು ಅದನ್ನು ಹಿಡಿದಿರುತ್ತಿತ್ತು. ಅಳತೆಯ ಹೊತ್ತಿಗೆ ಮಾತ್ರ ಗೂಟ ಕೀಳಬೇಕು. ಅದು ಒತ್ತಿದ ಕಡೆ ಉಕ್ಕು ಕೂದಲೆಳೆಯಷ್ಟು ಬಾಗುತ್ತದೆ, ನಮಗೆ ಬೇಕಾದದ್ದೇ ಆ ಕೂದಲೆಳೆ. ಸಮತೂಕವಿದ್ದರೆ ಬ್ರೇಕ್ ಒಂದೇ ಸಾಕು. ಆವತ್ತು ಗೂಟ ಬರಲಿಲ್ಲ. ಹಿರಿಯರು ಸುತ್ತಿಗೆಯಲ್ಲಿ ಬಡಿದರು.

"ಹಬ್ಬದೂಟ ಮಾಡಿ ಕೂತ್ಬಿಟ್ಟೈತೆ ಸಾರ್, ಏಳಲ್ಲ ಅಂತೈತೆ" ಅಂದ ಫಿಟ್ಟರ್.

"ನಿನ್ ತರಾನೇ ಸೋಮಾರಿ ಅದು" ಅಂದು ಅವರು ಇನ್ನೊಂದೇಟು ಹಾಕಿದರು. ಗೂಟ ಹೊರಬಂತು. ನಾವು ನಕ್ಕೆವು.

ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಗೂಟ ಬಿಗಿಯಾಗಿತ್ತು ಅಂದರೆ ಡಿಶ್ ಅದರ ಮೇಲೆ ಒರಗಿ ನಿಂತಿತ್ತು ಅಂತ ಅರ್ಥ. ಅದು ಅಷ್ಟು ಜೋರಾಗಿ ಹೇಳಿತ್ತು, ನಾವು ಮೂವರೂ ಅಲ್ಲೇ ನಿಂತು ಕೇಳಿದ್ದೆವು.

ಗೂಟ ಕಿತ್ತಮೇಲೂ ಏನೂ ಆಗಲಿಲ್ಲ. ಬ್ರೇಕ್ ಹಿಡಿದಿತ್ತು. ಪೂರ್ವದ ಕಡೆಯ ಕೆಲವು ಗುರುತುಗಳನ್ನು ಅಳೆದೆವು. ಆಮೇಲೆ ಅವನು ಕೀಲಿ ಹೆಗಲಿಗೇರಿಸಿ ಹಲಗೆಗಳ ಮೇಲೆ ನನ್ನನ್ನು ದಾಟಿ ಪಶ್ಚಿಮದ ಅಂಚಿಗೆ ಹೋಗಿ ಕೂತ. ಆಗ ಆರು ಇಪ್ಪತ್ತು.

ಗುಳ್ಳೆ ಎರಡನೆಯ ಸಲ ಓಡಿದಾಗ ತಲೆಯೆತ್ತಿ ಅವನನ್ನು ನೋಡಿದೆ. ಅವನು ನನಗಿಂತ ಎತ್ತರದಲ್ಲಿ ಇರಬೇಕಾದವನು. ಬೋಗುಣಿಯ ಅಂಚಲ್ಲವೇ? ಈಗ ನನ್ನ ಮಟ್ಟವನ್ನೂ ದಾಟಿ ಕೆಳಗಿಳಿಯುತ್ತಿದ್ದ. ಅವನ ಹಿಂದೆ ಅದುವರೆಗೆ ಬರೀ ಆಕಾಶವಿದ್ದ ಕಡೆ ಒಂದು ಗುಡ್ಡದ ತುದಿ ಕಂಡಿತು. ಆಮೇಲೆ ಗುಡ್ಡದ ಮೈ. ಬ್ರೇಕಿನಿಂದ ಎಮ್ಮೆ ನರಳಿದಂಥ ಸದ್ದು ಶುರುವಾಯಿತು.

"ಅರೇ, ಕ್ಯಾ ಹೋ ರಾ ಜೀ?" ಏನಾಗ್ತಿದೆ ಅಂತ ಮನೆಯ ಉರ್ದುವಿನಲ್ಲೇ ಕೇಳಿದ ಅವನು. ಅಷ್ಟರಲ್ಲಿ ಪಕ್ಕದಲ್ಲಿಟ್ಟಿದ್ದ ಕೀಲಿ ಜಾರಿತು. ಫಲಕದ ಮೇಲೆ ಕಿರ್ರನೆ ಗೀಚುತ್ತ ಹೋಗಿ, ಅಂಚು ದಾಟಿ ಮರೆಯಾಯಿತು. ಅದು ಕೆಳಗಿನ ಬಂಡೆಗೆ ಬಿದ್ದ ಸದ್ದು ಬರುವವರೆಗಿನ ಆ ಖಾಲಿ ಜಾಗ. ನಾನು ಇವತ್ತಿಗೂ ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲೇ. ಮುಂದೆ ಜಾರಬೇಕಾದವನು ಅವನು. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಬೋರಲಾಗಿ ಮಲಗಿ ಎರಡು ಫಲಕಗಳ ಸಂದಿಗೆ ಬೆರಳು ಸಿಕ್ಕಿಸಿಕೊಂಡ.

ಕೆಳಗಿನಿಂದ ಹಿರಿಯರ ಕೂಗು ಬಂತು. ಗಾಬರಿಯಲ್ಲಿ ಅವರಿಗೆ ತೆಲುಗೇ ಬಾಯಿಗೆ ಬರುವುದು. "ಪೈಕಿ ಎಕ್ಕು! ತೂರ್ಪುಕಿ! ಇದ್ದರೂ ತೂರ್ಪುಕಿ!" ಮೇಲಕ್ಕೆ ಹತ್ತಿ, ಇಬ್ಬರೂ ಪೂರ್ವಕ್ಕೆ ಹೋಗಿ ಅಂತ. ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಏತದ ಮರದಲ್ಲಿ ಒಂದು ಕಡೆ ಇಳಿದರೆ ಇನ್ನೊಂದು ಕಡೆಗೆ ನಡೆಯಬೇಕು. ಬಾವಿ ಇದ್ದ ಊರಿನ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ.

"ಬಾರೋ" ಅಂದೆ.

"ಕೈ ಬಿಡಕ್ ಆಗ್ತಿಲ್ಲಕ್ಕ."

"ಒಂದ್ ಕೈ ಬಿಡು. ಹಲಗೆ ಹಿಡ್ಕೋ. ಆಮೇಲೆ ಇನ್ನೊಂದು."

"ಬಿದ್ರೆ?"

"ನೀನು ಅಲ್ಲೇ ಇದ್ರೂ ಬೀಳ್ತೀಯ ಕಣೋ. ಬಾ."

ಆ ಮಾತು ಅಷ್ಟು ಒರಟಾಗಿ ಹೇಗೆ ಬಂತೋ ಕಾಣೆ. ಅವನು ಕೈ ಬಿಟ್ಟ. ಹಲಗೆಗಳ ಮೇಲೆ ಅಡ್ಡಪಟ್ಟಿ ಹೊಡೆದಿದ್ದೆವು. ಅವನ್ನೇ ಹಿಡಿದು ತೆವಳುತ್ತ ನನ್ನ ಹತ್ತಿರ ಬಂದ. ಅವನ ಅಂಗೈ ಬೆವರಿಗೆ ಹಲಗೆಯಲ್ಲೆಲ್ಲ ಗುರುತು. ಅವನು ನಡುವಿಗೆ ಬಂದರೂ ವಾಲುವುದು ನಿಲ್ಲಲಿಲ್ಲ, ನಿಧಾನವಾಯಿತು ಅಷ್ಟೆ. ಇಬ್ಬರೂ ಪೂರ್ವದ ಕಡೆ ಹತ್ತತೊಡಗಿದೆವು. ಆ ಕಡೆ ಈಗ ಗೋಡೆಯಂತೆ ಎದ್ದಿತ್ತು. ಫಲಕ ಮುಗಿದು ಬರಿ ಉಕ್ಕಿನ ಅಟ್ಟಣೆ ಸಿಕ್ಕಿದ ಮೇಲೆ ಸಲೀಸಾಯಿತು, ಏಣಿಯಂತೆ ಕಾಲಿಡಬಹುದಿತ್ತು. ಮರಳಿನ ಚೀಲಗಳ ಪಕ್ಕ ಹೋಗಿ, ಅಟ್ಟಣೆಯ ಕಂಬಿಗೆ ಕೈ ಹೆಣೆದು ಕೂತೆವು. ನರಳುವ ಸದ್ದು ನಿಂತಿತು.

"ಅಲ್ಲಾಡ್ಬೇಡಿ!" ಕೆಳಗಿನಿಂದ ಹಿರಿಯರು, ಈಗ ಕನ್ನಡದಲ್ಲಿ. "ಕದಲಬೇಡ್ರಪ್ಪಾ. ಹಂಗೇ ಕೂತಿರಿ. ಮಾತಾಡ್ತಾ ಇರಿ, ಆದ್ರೆ ಕದಲಬೇಡಿ."

ಕಾವಲುಗಾರ ದಿಬ್ಬೂರಹಳ್ಳಿಯತ್ತ ಸೈಕಲ್ ತುಳಿಯುವುದು ಕಾಣುತ್ತಿತ್ತು. ಹಗ್ಗ, ಸರಪಳಿ, ಆಳು ಬರುವವರೆಗೆ ನಾವಿಬ್ಬರೂ ಅಲ್ಲಿ ಕಟ್ಟಿದ ಚೀಲಗಳಾಗಿದ್ದೆವು. ಬೆನ್ನಿಗೆ ಬಿಸಿಲು ಬಂತು. ಕೆಳಗೆ ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೀಳುವ ಹೆಂಗಸರು ಎದ್ದು ನಿಂತು, ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದರು.

"ಅಕ್ಕಾ, ನೀವು ಎಷ್ಟು ತೂಕ?"

"ಹೆಂಗಸರನ್ನ ಕೇಳೋ ಮಾತೇನೋ ಅದು?"

"ಇವತ್ತೊಂದಿನ ಸುಳ್ಳು ಹೇಳ್ಬೇಡಿ. ಜೀವದ ಪ್ರಶ್ನೆ."

"ಹಬ್ಬಕ್ಕೆ ನಾಲ್ಕು ಒಬ್ಬಟ್ಟು ಜಾಸ್ತೀನೇ ತಿಂದಿದ್ದೀನಿ. ಹೆದರ್ಬೇಡ."

"ಇನ್ನೂ ನಾಲ್ಕು ತಿನ್ಬೇಕಿತ್ತು" ಅಂದ. ಸ್ವಲ್ಪ ಹೊತ್ತಾದ ಮೇಲೆ, "ನನ್ ಡಬ್ಬಿ ಕೆಳಗೈತೆ. ಅಮ್ಮಿ ಬೆಳಗಿನ ಜಾವ ಎದ್ದು ಮಾಡಿದ್ದು. ನಾಯಿ ಮುಟ್ಟದಿದ್ರೆ ಸಾಕು" ಅಂದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಬಿಸಿಲಿನಲ್ಲಿ.

ಆಮೇಲೆ ಅವನು ಪಕ್ಕದ ಚೀಲದ ಬಾಯಿಯೊಳಗೆ ಮೆಲ್ಲಗೆ ಕೈ ಹಾಕಿದ. ಹಿಡಿ ಮರಳು ತೆಗೆದು ಬೆರಳು ಸಡಿಲಿಸಿದ. ಹುರಿದ ರಾಗಿಹಿಟ್ಟಿನ ಹಾಗೆ ಅದು ಸುರಿದು ಗಾಳಿಗೆ ಹೋಯಿತು.

"ಒಣಗೋಗೈತೆ" ಅಂದ. "ನೀವು ನೀರು ಬಿಡಿಸ್ಲಿಲ್ವಾ?"

"ನೀನು ಬಿಡಿಸ್ಲಿಲ್ವಾ? ಯುಗಾದಿಗೆ ನಿನ್ ಪಾಳಿ ಅಲ್ವಾ?"

"ನಂಗೆ ರಂಜಾನ್ ಇತ್ತಲ್ಲಕ್ಕ."

ಅವನ ಮನೆಯಲ್ಲಿ ರೇಷ್ಮೆಗೂಡು ಕೊಂಡು ತಂದವರು ಒಣಗಿ ತೂಕ ಇಳಿಯುವ ಮುಂಚೆ ಬೇಯಿಸಿ ನೂಲು ತೆಗೆಯಲು ಅವಸರಿಸುತ್ತಾರೆ. ನಮ್ಮಜ್ಜಿ ಗೂಡು ಬಿಡಿಸಿದ ದಿನವೇ ಮಾರುಕಟ್ಟೆಗೆ ಕಳಿಸುತ್ತಿದ್ದದ್ದು ಅದಕ್ಕೇ. ಒಣಗಿದ್ದು ಹಗುರವಾಗುತ್ತದೆ ಅನ್ನುವುದು ನಮ್ಮ ಸೀಮೆಯಲ್ಲಿ ಪಾಠವಲ್ಲ, ಉಸಿರು. ಆದರೂ ಹುಳು ಮನೆಯ ಗೋಣಿಯನ್ನು ಆಂಟೆನಾಕ್ಕೆ ಹೊದಿಸಿದಾಗ ಮೂವರಿಗೂ ಕಂಡದ್ದು ತಂಪು ಮಾತ್ರ. ಆಮೇಲೆ ಕೂತು ಲೆಕ್ಕ ಹಾಕಿದಾಗ ಆವಿಯಾಗಿ ಹೋದ ನೀರು ಹೆಚ್ಚುಕಡಿಮೆ ಒಂದಾಳು ತೂಕದಷ್ಟಿತ್ತು. ಪೂರ್ವದ ಕಡೆಯಿಂದ ಒಬ್ಬ ಕಾಣದ ಮನುಷ್ಯ ಎದ್ದುಹೋಗಿದ್ದ. ಪಶ್ಚಿಮದ ಅಂಚಿಗೆ ಇನ್ನೊಬ್ಬ ಹೋಗಿ ಕೂತಿದ್ದ.

ಹಳ್ಳಿಯವರು ಟ್ರ್ಯಾಕ್ಟರಿನಲ್ಲಿ ಬಂದರು. ಬಂದವರು ಮೊದಲು ಮಾಡಿದ್ದು ಜಗಳ, ಹಗ್ಗ ಎಲ್ಲಿಗೆ ಕಟ್ಟಬೇಕು ಅಂತ. ಹಿರಿಯರು ಹಿಂದೆಂದೂ ಬಳಸದ ಮಾತುಗಳಲ್ಲಿ ಅವರನ್ನು ಬೈದು, ಸರಪಳಿಯನ್ನು ಪೂರ್ವದ ಅಟ್ಟಣೆಗೆ ಸಿಕ್ಕಿಸಿ, ಕಂಬದ ಬುಡಕ್ಕೆ ಬಿಗಿದು, ಒಂದೊಂದೇ ಕೊಂಡಿ ಎಳೆಸಿದರು. ಡಿಶ್ ಮತ್ತೆ ನೆಟ್ಟಗಾಗಿ, ಗೂಟ ತೂತಿನೊಳಗೆ ಕೂತ ಸದ್ದು ಕೇಳಿದಾಗ ಫಿಟ್ಟರ್ ಕಂಬಿಗೆ ಹಣೆಯಿಟ್ಟ. ಏಣಿ ಇಳಿದು ನೆಲಕ್ಕೆ ಕಾಲಿಟ್ಟ ನಾನು ಅಲ್ಲೇ ಕುಸಿದು ಕೂತೆ. ನೆಲ ಸಮವಾಗಿದೆ ಅಂತ ನನ್ನ ಕಾಲು ನಂಬಲಿಲ್ಲ.

ಸುರಕುಂಬವನ್ನು ನಾಯಿ ಮುಟ್ಟಿರಲಿಲ್ಲ. ಯಾರೂ ತಿನ್ನಲಿಲ್ಲ. ಟ್ರ್ಯಾಕ್ಟರಿನವರಿಗೆ ಕೊಟ್ಟುಬಿಟ್ಟೆವು.

ಅವತ್ತಿನಿಂದ ನಿದ್ದೆ ಹೋಯಿತು. ಮಲಗಿದ ಕೂಡಲೇ ಚಾಪೆ ಪಶ್ಚಿಮಕ್ಕೆ ಇಳಿಯುತ್ತಿತ್ತು. ಒಂದು ಲೋಟಕ್ಕೆ ನೀರು ತುಂಬಿಸಿ ತಲೆದೆಸೆಯಲ್ಲಿ ಇಟ್ಟುಕೊಂಡೆ. ಎಚ್ಚರವಾದಾಗೆಲ್ಲ ನೀರಿನ ಅಂಚು ನೋಡಿ, ಮನೆ ವಾಲಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು. "ಅದೇನೇ ಅದು, ಕುಡಿಯಲ್ಲ ಬಿಡಲ್ಲ, ನೀರನ್ನ ನೋಡ್ತಾ ಕೂತಿರ್ತೀಯ" ಅಂತ ಅಮ್ಮ ಕೇಳಿದಳು. ಹೇಳಿದೆ. ಅವಳು ಆವತ್ತಿನಿಂದ ತನ್ನ ಚಾಪೆಯನ್ನು ನನ್ನದರ ಪಶ್ಚಿಮಕ್ಕೆ ಹಾಸಿಕೊಂಡಳು.

ಅವನು ಕೆಲವು ವಾರ ಡಿಶ್ ಹತ್ತಲಿಲ್ಲ. ಕುಡುಮಲಕುಂಟೆಯ ಶೆಡ್ಡಿನಲ್ಲಿ ಫಲಕಗಳ ಜೊತೆ ಇರುತ್ತೇನೆಂದು ಕೇಳಿಕೊಂಡು ಹೋದ. ಇತ್ತ ಹಿರಿಯರು ಮರಳಿನ ಚೀಲಗಳನ್ನು ಇಳಿಸಿ ಸಿಮೆಂಟಿನ ದಿಮ್ಮಿಗಳನ್ನು ಹಾಕಿಸಿದರು, ಅವು ಒಣಗುವುದೆಲ್ಲ ಒಣಗಿದ ಮೇಲೆ ತೂಗಿ. ಗೋಣಿತಾಟು ಬೇಕೇ ಬೇಕಾಗಿತ್ತು. ಅದಕ್ಕೆ ನೆಲದಿಂದಲೇ ಬಿದಿರಿನ ಚೌಕಟ್ಟು ಕಟ್ಟಿದೆವು, ಡಿಶ್ಶಿಗೆ ತಾಗದ ಹಾಗೆ. ಅಳತೆಯ ಹೊತ್ತಿನಲ್ಲಿ ಎರಡೂ ಕಡೆ ಸರಪಳಿ, ಒತ್ತದಷ್ಟು ಸಡಿಲ, ವಾಲಿದರೆ ಹಿಡಿಯುವಷ್ಟು ಬಿಗಿ. ಇನ್ನು ಅದು ಅಲುಗಾಡುವಂತಿರಲಿಲ್ಲ. ನಮ್ಮ ತಲೆಗೆ ಅದು ಗೊತ್ತಿತ್ತು.

ಹೊಸ ಫಲಕಗಳ ಲಾರಿಯ ಜೊತೆ ಅವನು ಬಂದ. ಕೃಶನಾಗಿದ್ದ. "ನಿದ್ದೆ ಬರ್ತದಾ?" ಅಂತ ಕೇಳಿದೆ. ಇಲ್ಲವೆಂದು ಕೈಯಾಡಿಸಿದ. ಫಲಕಗಳನ್ನು ಕೂರಿಸಬೇಕಿತ್ತು, ಮೈಯನ್ನೆಲ್ಲ ಮೊದಲಿನಿಂದ ಅಳೆಯಬೇಕಿತ್ತು, ಆ ಬೋಲ್ಟುಗಳ ಹದ ಅವನ ಕೈಗೇ ಗೊತ್ತಿತ್ತು. ಹಿರಿಯರು ಬಲವಂತ ಮಾಡಲಿಲ್ಲ. ಏಣಿಯ ಬುಡದಲ್ಲಿ ಬಹಳ ಹೊತ್ತು ನಿಂತಿದ್ದು ಅವನೇ ಹೇಳಿದ: "ಹತ್ತೀನಿ. ಆದ್ರೆ ನಾನು ಪಶ್ಚಿಮಕ್ಕೆ ಹೋದ್ರೆ ಅಕ್ಕ ಪೂರ್ವಕ್ಕೆ ಹೋಗ್ಬೇಕು. ನಾನು ಕೂತ ಮೇಲೆ ಅವರು ನಡುವಿಗೆ ಬರಲಿ."

ಲೆಕ್ಕದಲ್ಲಿ ಅದಕ್ಕೇನೂ ಅರ್ಥವಿರಲಿಲ್ಲ. ಸರಪಳಿ ಇತ್ತು, ದಿಮ್ಮಿ ಇತ್ತು. ಹಿರಿಯರು ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಹಾಗೆ ಶುರುವಾಯಿತು. ಅವನು ಒಂದು ಗುರುತಿಗೆ ಹೊರಟರೆ ನಾನು ಥಿಯೋಡೊಲೈಟ್ ಬಿಟ್ಟೆದ್ದು ಎದುರಿನ ಅಂಚಿಗೆ ನಡೆಯುವುದು. ಅವನು ಕೂತು "ಹೌ ಅಕ್ಕಾ" ಅಂದಮೇಲೆ ಹಿಂದಿರುಗಿ ಬಂದು, ಗುಳ್ಳೆ ನೋಡಿ, ಅಳತೆ ಓದುವುದು. ಕೆಲಸ ಅರ್ಧಕ್ಕರ್ಧ ನಿಧಾನವಾಯಿತು. ತೋಟದಲ್ಲಿ ಸೊಪ್ಪು ಕೀಳುವ ಹೆಂಗಸರು, "ಏನಮ್ಮಾ, ಮಂಕರಿ ಒಳಗೆ ಕುಂಟೆಬಿಲ್ಲೆ ಆಡ್ತೀರಾ?" ಅಂತ ಬಸ್ ಸ್ಟಾಪಿನಲ್ಲಿ ಕೇಳಿದರು. ಮೈ ಮಾತ್ರ ಬೆಳಗಿನಿಂದ ಬೆಳಗಿಗೆ ತಿದ್ದಿಕೊಳ್ಳುತ್ತ ಬಂತು. ಪೂರ್ವದ ಹೊಸ ಫಲಕಗಳು ಅಕ್ಕಪಕ್ಕದವುಗಳ ಜೊತೆ ಅಂಚಿಗೆ ಅಂಚು ಕೂಡಿದವು. ಅಂಗೈ ಸವರಿದರೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತು ಅಂತ ತಿಳಿಯುತ್ತಿರಲಿಲ್ಲ.

ಮಳೆಗಾಲ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ನಾನು, "ಕಾಲು ಸುತ್ತಲ್ಲ, ಅದರಲ್ಲೂ ಅರ್ಧ" ಅಂದೆ.

"ಹೌ ಅಕ್ಕಾ. ಇಷ್ಟು ಸಾಕಾ, ಇಲ್ಲಾ ಭೂತಗನ್ನಡಿ ತರಿಸ್ಲಾ?"

ಓದಿದೆ. ಸರಿಯಾಗಿತ್ತು. ವೇಳೆ ಬರೆಯಲು ಹೋಗಿ ತಲೆಯೆತ್ತಿದಾಗ ಕಂಡಿತು: ಅವನು ಪಶ್ಚಿಮದ ಅಂಚಿನಲ್ಲಿ ಕೂತಿದ್ದ, ಕೀಲಿ ಜಾರಿಬಿದ್ದ ಜಾಗದ ಹತ್ತಿರವೇ. ನಾನು ಎದ್ದಿರಲಿಲ್ಲ. ಆ ದಿನ ಶುರುವಿನಿಂದಲೂ ಒಮ್ಮೆಯೂ ಎದ್ದಿರಲಿಲ್ಲ. ಅವನೂ ಕೇಳಿರಲಿಲ್ಲ. ಅವನಿಗೆ ಆಗಲೇ ಗೊತ್ತಾಯಿತೋ ಏನೋ, ಒಂದು ಸಲ ಹಿಂದಿರುಗಿ ಗುಡ್ಡದ ಕಡೆ ನೋಡಿ, ಮುಂದಿನ ಬೋಲ್ಟಿಗೆ ಕೀಲಿ ಹಾಕಿದ. ನಾನು ಗುಳ್ಳೆ ನೋಡಿದೆ. ನಡುವಿನಲ್ಲಿತ್ತು. ಉಳಿದ ನಾಲ್ಕಾರು ಗುರುತುಗಳನ್ನು ನಾಳೆ ಮುಗಿಸೋಣ ಅಂತ ಇಳಿದೆವು.

ಮರುದಿನ ನನ್ನನ್ನು ಎಬ್ಬಿಸಿದ್ದು ಮುಖದ ಮೇಲಿನ ಬಿಸಿಲು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಳು. ಅಮ್ಮ ಒಲೆಯ ಮುಂದೆ. ತಲೆದೆಸೆಯಲ್ಲಿ ಲೋಟ ಕಾಣಲಿಲ್ಲ.

"ಲೋಟ ಎಲ್ಲಮ್ಮಾ?"

"ತೊಳ್ದಿಟ್ಟೆ. ರಾತ್ರಿ ನೀನು ತುಂಬಿಸ್ಕೊಂಡೇ ಇರ್ಲಿಲ್ವಲ್ಲೇ."

"ಯಾಕಮ್ಮಾ ಎಬ್ಬಿಸ್ಲಿಲ್ಲ?"

"ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ ಕಣೆ" ಅಂದಳು.

ತಲೆಗೂದಲನ್ನೂ ಸರಿಯಾಗಿ ಕಟ್ಟಿಕೊಳ್ಳದೆ ಓಡಿದೆ. ಬಸ್ಸಿಳಿದು ಗೇಟಿನ ಒಳಗೆ ಹೋದರೆ ಹಿರಿಯರು ಕಂಬದ ನೆರಳಿನಲ್ಲಿ ಒಬ್ಬರೇ ಕೂತಿದ್ದರು. "ಇಬ್ರೂ ಮಾತಾಡ್ಕೊಂಡು ಕೈಕೊಟ್ರಾ?" ಅಂದರು. ನನ್ನ ಹಿಂದೆಯೇ ಬಂದ ಬಸ್ಸಿನಿಂದ ಅವನು ಇಳಿದ. ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ನಿದ್ದೆ ಹತ್ಬಿಡ್ತು ಸಾರ್" ಅಂದ. "ಅಮ್ಮಿ ನೀರು ಚಿಮುಕಿಸಿದ್ರೂ ಏಳ್ಲಿಲ್ಲವಂತೆ."

ಹಿರಿಯರು ಎದ್ದು ಏಣಿಯ ಕಂಬಿ ಮುಟ್ಟಿ ಕೈ ಹಿಂದೆಗೆದರು. "ಕಾದೋಗೈತೆ. ಇವತ್ತು ಅಳತೆ ಇಲ್ಲ. ಹೋಗಿ ಟೀ ಹೇಳು." ಅವನು ಕಾವಲುಗಾರನ ಕೋಣೆಯ ಕಡೆ ಆಕಳಿಸುತ್ತ ಹೋದ. ನಾನು ಡಿಶ್ಶಿನ ನೆರಳಿನಲ್ಲಿ, ಸಮವಾಗಿದ್ದ ನೆಲದ ಮೇಲೆ ಕಾಲು ಚಾಚಿ ಕೂತೆ.